ಕಪ್ಪೆ ಯಾವಾಗ ಕುಯ್ಯೋದು ಸಾರ್?

ಹೋದ ಜುಲೈನಲ್ಲಿ ಒಂದು ಬೆಳಿಗ್ಗೆ ಒಂಬತ್ತನೇ ಕ್ಲಾಸಿಗೆ ಹೋದರೆ ಮೇಜಿನ ಮೇಲೆ ಒಂದು ಪೇಂಟ್ ಡಬ್ಬ ಕೂತಿತ್ತು. ಡಬ್ಬದ ಮೇಲೆ ರಟ್ಟು, ರಟ್ಟಿನ ಮೇಲೆ ಡಸ್ಟರ್. ಒಳಗೆ ಏನೋ ಧಪ್ ಧಪ್ ಅಂತ ಹಾರುತ್ತಿತ್ತು.

"ಕಪ್ಪೆ ಸಾರ್" ಅಂದ ಹಿಂದಿನ ಬೆಂಚಿನ ಹುಡುಗ. "ರಾತ್ರಿ ಮಳೆ ಬಂತಲ್ಲ, ನೀರಿನ ಕುಂಟೆ ಹತ್ರ ಹಿಡಿದೆ. ಯಾವಾಗ ಕುಯ್ಯೋದು ಸಾರ್?"

ಅವನ ಜೇಬಿನಲ್ಲಿ ಹೊಸ ಬ್ಲೇಡೂ ಇತ್ತು. ಸೈನ್ಸ್ ಅಂದರೆ ಕಪ್ಪೆ ಕುಯ್ಯೋದು ಅಂತ ಮನೆಯಲ್ಲಿ ದೊಡ್ಡವರು ಯಾರೋ ಹೇಳಿದ್ದರಂತೆ. ಇಡೀ ಕ್ಲಾಸು ನನ್ನ ಮುಖ ನೋಡುತ್ತಿತ್ತು. ಅರ್ಧ ಜನಕ್ಕೆ ಕುಯ್ಯೋದು ನೋಡುವ ಆಸೆ. ಇನ್ನರ್ಧಕ್ಕೆ ಹಾಲೇ ಕುಡಿಯದ ಈ ಮೇಷ್ಟ್ರು ಈಗ ಏನು ಮಾಡುತ್ತಾರೆ ಅನ್ನುವ ಕುತೂಹಲ.

ನಾನು ವೀಗನ್. ಹಾಲು, ಮೊಸರು, ತುಪ್ಪ, ಮೊಟ್ಟೆ, ಜೇನು ಯಾವುದೂ ಇಲ್ಲ. ಚರ್ಮದ ಚಪ್ಪಲಿ ಇಲ್ಲ, ರೇಷ್ಮೆ ಪಂಚೆ ಇಲ್ಲ. ಇದನ್ನು ಬೇರೆ ಕಡೆ ಹೇಳಿಕೊಂಡರೆ ಸುಮ್ನೆ ಒಂದು ಅಭ್ಯಾಸ. ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಹೇಳಿಕೊಂಡರೆ ತಮಾಷೆ. ಇಲ್ಲಿ ಬೆಳಿಗ್ಗೆ ಎದ್ದರೆ ಡೇರಿ ಮುಂದೆ ಕ್ಯಾನುಗಳ ಸಾಲು, ಆಮೇಲೆ ರೇಷ್ಮೆ ಗೂಡಿನ ಮಾರುಕಟ್ಟೆ. ಒಂದು ಮನೆ ಹಸು ನಂಬಿದೆ, ಪಕ್ಕದ ಮನೆ ಹುಳು ನಂಬಿದೆ, ಅದರಾಚೆಯ ಮನೆ ಎರಡನ್ನೂ ನಂಬಿದೆ. ನಮ್ಮ ಸ್ಟಾಫ್ ರೂಮಿನಲ್ಲಿ ಮೊದಲ ವರ್ಷ ಎಲ್ಲರೂ ನನಗೆ ಶುಗರ್ ಅಂದುಕೊಂಡಿದ್ದರು. ಎರಡನೇ ವರ್ಷ "ಮಾಲೆ ಹಾಕಿದ್ದೀರಾ?" ಅಂತ ಕೇಳಿದರು. ಈಗ ಕೇಳುವುದು ಬಿಟ್ಟಿದ್ದಾರೆ. ನನ್ನ ಲೋಟಕ್ಕೆ ಹಾಲು ಹಾಕುವ ಮೊದಲೇ ಡಿಕಾಕ್ಷನ್ ಎತ್ತಿಡುತ್ತಾರೆ.

ಡಬ್ಬದ ಕಪ್ಪೆಗೆ ಬರೋಣ. ಆವತ್ತು ನಾನು 'ಪಾಪ' ಅನ್ನುವ ಮಾತು ತೆಗೆಯಲಿಲ್ಲ. ಕಾನೂನು ಹೇಳಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ, ಪುಸ್ತಕ, ಮಾದರಿ, ಫಿಲ್ಮು ಇಂಥವುಗಳಿಂದ ಪಾಠ ಆಗುವುದಾದರೆ ಪ್ರಾಣಿಗಳ ಮೇಲೆ ಪ್ರಯೋಗ ಬೇಡ ಅಂತಿದೆ. ಕಾಲೇಜುಗಳಲ್ಲಿ ಕುಯ್ಯುವುದನ್ನು ಹಂತ ಹಂತವಾಗಿ ನಿಲ್ಲಿಸಿ ಅಂತ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2011ರಲ್ಲಿ ಹೇಳಿತು. 2014ರಲ್ಲಿ ಡಿಗ್ರಿಗೂ ಬೇಡ, ಎಂ.ಎಸ್ಸಿಗೂ ಬೇಡ ಅಂತ ಪೂರ್ತಿ ನಿಲ್ಲಿಸಿತು. ಮೇಲಾಗಿ ನೀನು ಹಿಡಿದಿರುವುದು ಬುಲ್‌ಫ್ರಾಗ್, ಮಳೆ ಬಿದ್ದಾಗ ಗಂಡು ಹಳದಿ ಬಣ್ಣಕ್ಕೆ ತಿರುಗಿ ಕೂಗುತ್ತದಲ್ಲ, ಆ ಜಾತಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಇದರ ಹೆಸರಿದೆ ಅಂದೆ.

ಹುಡುಗ ಬ್ಲೇಡನ್ನು ನಿಧಾನಕ್ಕೆ ಜೇಬಿನ ಇನ್ನೂ ಆಳಕ್ಕೆ ತಳ್ಳಿದ. "ಹಂಗಾದ್ರೆ ನೀವೂ ಕುಯ್ದಿಲ್ವಾ ಸಾರ್?"

ಕುಯ್ದಿದ್ದೇನೆ. ಅದೂ ಚೆನ್ನಾಗಿ ಕುಯ್ದಿದ್ದೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬಿ.ಎಸ್ಸಿ ಸಿಬಿಜೆಡ್ (ಕೆಮಿಸ್ಟ್ರಿ, ಬಾಟನಿ, ಜುವಾಲಜಿ) ಮಾಡಿದ್ದು. ಪ್ರಾಕ್ಟಿಕಲ್ ದಿನ ಒಬ್ಬರು ಗೋಣಿಚೀಲದಲ್ಲಿ ಕಪ್ಪೆ ತಂದು ಲ್ಯಾಬಿನ ಮೂಲೆಯಲ್ಲಿ ಇಟ್ಟು ಹೋಗುತ್ತಿದ್ದರು. ಚೀಲ ತಾನಾಗಿ ಅಲುಗಾಡುತ್ತಿತ್ತು. ಅಟೆಂಡರ್ ಒಂದೊಂದನ್ನೇ ತೆಗೆದು ಕ್ಲೋರೋಫಾರ್ಮ್ ಬಾಟಲಿಗೆ ಹಾಕುತ್ತಿದ್ದ. ನಮಗೆ ಒಬ್ಬೊಬ್ಬರಿಗೂ ಒಂದೊಂದು ಮೇಣದ ಟ್ರೇ, ನಾಲ್ಕು ಗುಂಡುಪಿನ್ನು. ಕೈಕಾಲು ಚಾಚಿ ಪಿನ್ನು ಹೊಡೆದು, ಹೊಟ್ಟೆಯ ಚರ್ಮ ಎತ್ತಿ ಕತ್ತರಿ ಆಡಿಸಬೇಕು. ನನ್ನ ಕೈ ನಡುಗುತ್ತಿರಲಿಲ್ಲ. ರಕ್ತನಾಳಕ್ಕೆ ಕತ್ತರಿ ತಾಗಿಸದೆ ಎದೆಗೂಡು ಬಿಚ್ಚುವುದರಲ್ಲಿ ನಮ್ಮ ಬ್ಯಾಚಿಗೇ ನಾನು ಫಸ್ಟ್. ಲೆಕ್ಚರರ್ ನನ್ನ ಟ್ರೇ ಎತ್ತಿ ಬೇರೆಯವರಿಗೆ ತೋರಿಸಿದ್ದರು. ಆ ಹೆಮ್ಮೆ ನನಗೆ ಈಗಲೂ ಪೂರ್ತಿ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ.

ಎದೆ ಬಿಚ್ಚಿದ ಮೇಲೂ ಗುಂಡಿಗೆ ಹೊಡೆದುಕೊಳ್ಳುತ್ತಿತ್ತು. ಬಟಾಣಿಯಷ್ಟು ಕೆಂಪು ಉಂಡೆ. "ಬೇಗ ಡಯಗ್ರಾಮ್ ಬರೀರಿ, ಒಣಗುತ್ತೆ" ಅಂದರು. ಬರೆದೆ, ಪೆನ್ಸಿಲ್ ಚೂಪು ಮಾಡಿ ಹೆಸರು ಗುರುತಿಸಿದೆ, ರೆಕಾರ್ಡಿಗೆ ಸಹಿ ಬಿತ್ತು. ಪ್ರಾಣ ಹೋಗಿದೆ ಅಂತ ನಾವು ತಿಳಿದ ಪ್ರಾಣಿಯ ಗುಂಡಿಗೆ ಯಾಕೆ ಇನ್ನೂ ಹೊಡೆದುಕೊಳ್ಳುತ್ತಿದೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಮಿದುಳು ಹೇಳದಿದ್ದರೂ ಹೃದಯದ ಸ್ನಾಯು ತನ್ನಷ್ಟಕ್ಕೆ ತಾನೇ ಮಿಡಿಯುತ್ತದೆ ಅಂತ ಅರ್ಥವಾಗಿದ್ದು ಎಷ್ಟೋ ವರ್ಷದ ಮೇಲೆ, ಪಾಠ ಮಾಡಲು ಪುಸ್ತಕ ಓದುವಾಗ. ನಲವತ್ತು ಹುಡುಗರು, ನಲವತ್ತು ಕಪ್ಪೆ, ಒಂದೇ ಡಯಗ್ರಾಮ್. ಅದೂ ಪುಸ್ತಕದಲ್ಲಿ ಆಗಲೇ ಇದ್ದಿದ್ದೇ.

ಇದನ್ನೆಲ್ಲ ಆ ಹುಡುಗನಿಗೆ ಹೇಳಿದೆ. ಆಮೇಲೆ ಡಬ್ಬದ ರಟ್ಟು ತೆಗೆದು, ಎಲ್ಲರನ್ನೂ ಸುತ್ತ ಕೂರಿಸಿದೆ. ಕಪ್ಪೆ ಮುಟ್ಟುವುದಾದರೆ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು, ಯಾಕೆಂದರೆ ಅದು ಚರ್ಮದಿಂದಲೂ ಉಸಿರಾಡುತ್ತದೆ. ಗಂಟಲು ನೋಡಿ ಅಂದೆ. ಗಂಟಲಿನ ಕೆಳಗಿನ ಚರ್ಮ ಪಟಪಟ ಅಂತ ಮೇಲೆ ಕೆಳಗೆ ಆಡುತ್ತಿತ್ತು. ನಮಗೆ ಪಕ್ಕೆಲುಬಿದೆ, ಎದೆ ಹೊಟ್ಟೆಯ ನಡುವೆ ವಪೆ ಅನ್ನುವ ಸ್ನಾಯುವಿನ ಪರದೆ ಇದೆ, ಎದೆ ಅಗಲಿಸಿ ಗಾಳಿ ಎಳೆದುಕೊಳ್ಳುತ್ತೇವೆ. ಕಪ್ಪೆಗೆ ಅವೆರಡೂ ಇಲ್ಲ. ಬಾಯಿಗೆ ತುಂಬಿಕೊಂಡ ಗಾಳಿಯನ್ನು ಗಂಟಲಿನಿಂದ ಒಳಕ್ಕೆ ಒತ್ತುತ್ತದೆ, ಸೈಕಲ್ ಪಂಪಿನ ಹಾಗೆ. ಮೇಣದ ಟ್ರೇಯಲ್ಲಿ ಮಲಗಿದ ಕಪ್ಪೆ ಇದನ್ನು ತೋರಿಸಲಾರದು ಅಲ್ವಾ.

ಮಧ್ಯಾಹ್ನ ಎಲ್ಲರೂ ಕುಂಟೆಗೆ ಹೋಗಿ ಬಿಟ್ಟು ಬಂದೆವು. ಹೋಗುವಾಗ ದಾರಿಯಲ್ಲಿ, ಒಂದು ಕಾಲದಲ್ಲಿ ನಮ್ಮ ದೇಶದಿಂದ ಕಪ್ಪೆಯ ಕಾಲು ಹೊರದೇಶಕ್ಕೆ ಹಡಗು ಹತ್ತುತ್ತಿತ್ತು, 1987ರಲ್ಲಿ ಸರ್ಕಾರ ನಿಲ್ಲಿಸಿತು ಅಂತ ಹೇಳಿದೆ. "ಬರೀ ಕಾಲಾ ಸಾರ್? ಮಿಕ್ಕಿದ್ದು?" ಅಂತ ಕೇಳಿದರು. ನಮ್ಮ ಹುಡುಗರಿಗೆ ಮೊದಲು ಹೊಳೆಯುವುದು ವೇಸ್ಟ್ ಆಯ್ತಲ್ಲ ಅನ್ನುವುದು.

ಕಪ್ಪೆಯ ವಿಷಯ ಹೀಗೆ ಸುಲಭ. ಕಾನೂನು ನನ್ನ ಕಡೆ ಇದೆ. ಕಷ್ಟ ಇರುವುದು ಕಾನೂನು ಏನೂ ಹೇಳದ ಕಡೆ.

ಅದಕ್ಕೆ ಮೊದಲು ಒಂದು ಮಾತು. ನಮ್ಮದು ಮಾಂಸದ ಮನೆ. ಯುಗಾದಿಯ ಮಾರನೇ ದಿನ ಹೊಸತೊಡಕು ಬಂದರೆ ಬೆಳಗಿನ ಜಾವ ಅಪ್ಪ ಮಟನ್‌ಗೆ ಲೈನು ನಿಲ್ಲುತ್ತಿದ್ದರು, ಜೊತೆಗೆ ನಾನು ಸ್ಟೀಲ್ ಡಬ್ಬ ಹಿಡಿದುಕೊಂಡು. ಹಾಗಾಗಿ ನನಗೆ ಒಂದು ಚೆನ್ನಾಗಿ ಗೊತ್ತು. ಈ ನೆಲದಲ್ಲಿ ಒಬ್ಬ ಮೇಷ್ಟ್ರು ಬೋರ್ಡಿನ ಮುಂದೆ ನಿಂತು "ಮಾಂಸ ತಿನ್ನಬೇಡಿ" ಅಂದರೆ ಮಕ್ಕಳಿಗೆ ಪ್ರಾಣಿಯ ಮೇಲಿನ ಕರುಣೆ ಕೇಳಿಸುವುದಿಲ್ಲ. ಜಾತಿ ಕೇಳಿಸುತ್ತದೆ. 'ನಿಮ್ಮ ಮನೆ ಅಡುಗೆ ಕೀಳು' ಅಂತ ಕೇಳಿಸುತ್ತದೆ. ಬುತ್ತಿಯ ಮುಚ್ಚಳವನ್ನು ಅರ್ಧ ಮಾತ್ರ ತೆರೆದು ಊಟ ಮಾಡುವ ಮಕ್ಕಳನ್ನು ನಾನು ನೋಡಿದ್ದೇನೆ. ಆ ಮುಚ್ಚಳ ಇನ್ನಷ್ಟು ಮುಚ್ಚುವ ಕೆಲಸ ನನ್ನಿಂದ ಆಗಬಾರದು.

ಅದಕ್ಕೇ ನಮ್ಮ ಸ್ಕೂಲಿನಲ್ಲಿ ಹಾಲು, ಮೊಟ್ಟೆಯ ಪಾಳಿ ಬಂದರೆ ನಾನು ತಪ್ಪಿಸಿಕೊಳ್ಳುವುದಿಲ್ಲ. ಕ್ಷೀರಭಾಗ್ಯ ಶುರುವಾಗಿದ್ದು 2013ರ ಆಗಸ್ಟ್‌ನಲ್ಲಿ. ನಾನು ಹಾಲು ಬಿಟ್ಟಿದ್ದೂ ಅದೇ ವರ್ಷ. ಡೇರಿ ಪಕ್ಕದ ಕೊಟ್ಟಿಗೆಯಿಂದ ಹಾಲು ಕೊಡದ ಒಂದು ಎಚ್‌ಎಫ್ (ಸೀಮೆ ತಳಿಯ) ಗಂಡು ಕರುವನ್ನು ಟೆಂಪೋಗೆ ಹತ್ತಿಸಿದ್ದನ್ನು ಕಂಡ ಮೇಲೆ ಬಿಟ್ಟೆ, ಅಷ್ಟೇ ಕಥೆ. ಒಂದು ಕಡೆ ನಾನು ಬಿಟ್ಟೆ, ಇನ್ನೊಂದು ಕಡೆ ಬೆಳಿಗ್ಗೆ ಮಗುವಿಗೆ 150 ಎಂ.ಎಲ್.ನಂತೆ ಲೋಟಕ್ಕೆ ಹಾಕುವುದು ಶುರುವಾಯಿತು. ಪುಡಿ ಗಂಟಾಗದ ಹಾಗೆ ಕಲಸುವುದರಲ್ಲಿ ನಾನು ಎಕ್ಸ್‌ಪರ್ಟು. ರಾಗಿ ಅಂಬಲಿ ಕುಡಿದು ಎರಡು ಕಿಲೋಮೀಟರ್ ನಡೆದು ಬಂದ ಮಗುವಿನ ಕೈಯಿಂದ ಲೋಟ ಕಿತ್ತುಕೊಳ್ಳುವ ವೀಗನ್ ನಾನಲ್ಲ. ನೆಂಟರಲ್ಲೊಬ್ಬರು ಇದನ್ನು ಕಪಟ ಅಂದರು. ಅನ್ನಲಿ.

ಈಗ ಕಷ್ಟದ ವಿಷಯ. ಹತ್ತನೇ ಕ್ಲಾಸಿಗೆ ಹೃದಯದ ಪಾಠ ಬಂತು. ಒಬ್ಬ ಹುಡುಗನ ಅಪ್ಪನದು ಮಟನ್ ಅಂಗಡಿ. "ಸಾರ್, ನಾಳೆ ಮೇಕೆ ಗುಂಡಿಗೆ ತರ್ತೀನಿ, ಫ್ರೀ" ಅಂದ. ಹೆಡ್‌ಮೇಷ್ಟ್ರಿಗೆ ಖುಷಿಯೋ ಖುಷಿ. ಮೇಕೆ ಸತ್ತಿರುವುದು ಪಾಠಕ್ಕಾಗಿ ಅಲ್ಲ. ಯಾರೋ ತಿನ್ನುವ ಮಾಂಸದಲ್ಲಿ ಒಂದು ತುಂಡು ಅಷ್ಟೇ. ಹಾಗಾದರೆ ನನಗೇನು ತೊಂದರೆ? ರಾತ್ರಿಯೆಲ್ಲ ಯೋಚಿಸಿದೆ, ಉತ್ತರ ಸಿಗಲಿಲ್ಲ. ಆದರೆ ಒಂದು ಗೊತ್ತಾಯಿತು. ಬೇಡ ಅಂದರೆ ಇಡೀ ಕ್ಲಾಸಿನ ಮುಂದೆ ಆ ಹುಡುಗನ ಅಪ್ಪನ ಕಸುಬನ್ನೇ ಬೇಡ ಅಂದ ಹಾಗೆ. ಅವನು ಗಣಿತದಲ್ಲಿ ಹಿಂದೆ, ಇಂಗ್ಲಿಷ್‌ನಲ್ಲಿ ಇನ್ನೂ ಹಿಂದೆ. ಅವನಾಗಿಯೇ ಕೈ ಎತ್ತಿದ್ದು ವರ್ಷದಲ್ಲಿ ಅದೇ ಮೊದಲು.

ತರಲಿ ಅಂದೆ. ನಾನು ಮುಟ್ಟಲ್ಲ, ಯಾಕೆ ಅಂತ ನಿಮಗೆ ಗೊತ್ತು, ಪಾಠ ನೀನೇ ಮಾಡು ಅಂದೆ. ನೋಡಲು ಇಷ್ಟವಿಲ್ಲದವರು ಹೊರಗೆ ಮರದ ಕೆಳಗೆ ಕೂರಬಹುದು, ಕಾರಣ ಹೇಳಬೇಕಿಲ್ಲ, ಮಾರ್ಕ್ಸ್ ಕಟ್ ಇಲ್ಲ ಅಂದೆ.

ಅವನು ಮಾಡಿದ ಪಾಠ ನನ್ನ ಹತ್ತು ವರ್ಷದ ಪಾಠಕ್ಕಿಂತ ಚೆನ್ನಾಗಿತ್ತು. ಚಾಕು ಒಂದೇ ಸಲ ಆಡಿಸಿದ. "ನೋಡ್ರಿ, ಈ ಕಡೆ ಗೋಡೆ ದಪ್ಪ, ಆ ಕಡೆ ತೆಳ್ಳಗೆ. ಯಾಕೆ ಅಂದ್ರೆ ಇದು ಮೈಯೆಲ್ಲಾ ತಳ್ಳಬೇಕು, ಅದು ಪಕ್ಕದಲ್ಲೇ ಇರೋ ಶ್ವಾಸಕೋಶಕ್ಕೆ ತಳ್ಳಿದ್ರೆ ಸಾಕು." ಎಡ ಹೃತ್ಕುಕ್ಷಿಯ, ಅಂದರೆ ಗುಂಡಿಗೆಯ ಎಡಗಡೆ ಕೆಳಕೋಣೆಯ, ಗೋಡೆ ದಪ್ಪ ಅಂತ ನಾನು ಬಾಯಿಪಾಠ ಮಾಡಿಸಿದ್ದನ್ನು ಅವನು ಬೆರಳಲ್ಲಿ ಹಿಸುಕಿ ತೋರಿಸಿದ. ಕವಾಟಗಳನ್ನು ಹಿಡಿದಿರುವ ಬಿಳೀ ದಾರಗಳನ್ನು ಎಳೆದು ಬಿಟ್ಟ. ಒಬ್ಬಳು "ಅಮ್ಮ ಇದನ್ನೇ ಸಾರಿಗೆ ಹಾಕೋದು" ಅಂದಳು, ಎಲ್ಲರೂ ನಕ್ಕರು. ನಾನು ಎರಡು ಹೆಜ್ಜೆ ದೂರ ಕೈ ಕಟ್ಟಿಕೊಂಡು ನಿಂತಿದ್ದೆ. ಹೊಟ್ಟೆಯಲ್ಲಿ ಏನೋ ಕಲಸುತ್ತಿತ್ತು. ಕಣ್ಣು ಮಾತ್ರ ಅಲ್ಲೇ ಇತ್ತು. ಇದನ್ನು ಬಿಡಿಸಿ ಹೇಳಲು ಬರುವುದಿಲ್ಲ.

ಮರದ ಕೆಳಗೆ ಹೋದವಳು ಒಬ್ಬಳೇ. ಅವಳ ಮನೆಯಲ್ಲೂ ಮಾಂಸ ತಿನ್ನುತ್ತಾರೆ, ಅವಳೂ ತಿನ್ನುತ್ತಾಳೆ. ಆದರೆ ಅವಳು ಸಾಕಿದ್ದ ಮೇಕೆಯನ್ನು ಹಿಂದಿನ ವಾರವಷ್ಟೇ ಸಂತೆಗೆ ಹೊಡೆದಿದ್ದರು. ಇದು ನನಗೆ ಗೊತ್ತಾಗಿದ್ದು ಆಮೇಲೆ, ಅದೂ ಬೇರೆ ಹುಡುಗಿಯರಿಂದ. 1987ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೆನಿಫರ್ ಗ್ರಹಾಂ ಅನ್ನುವ ಹೈಸ್ಕೂಲ್ ಹುಡುಗಿ ಕಪ್ಪೆ ಕುಯ್ಯಲ್ಲ ಅಂದಳು. ವಿಷಯ ಕೋರ್ಟು ಹತ್ತಿತು. ಮರುವರ್ಷ ಆ ರಾಜ್ಯದಲ್ಲಿ ಮಕ್ಕಳು ಇಂಥದ್ದಕ್ಕೆ ಬೇಡ ಅನ್ನಬಹುದು ಅಂತ ಕಾನೂನೇ ಬಂತು. ನಮ್ಮ ಹುಡುಗಿಗೆ ಕೋರ್ಟು ಬೇಕಿರಲಿಲ್ಲ, ಒಂದು ಮರ ಇದ್ದರೆ ಸಾಕಾಗಿತ್ತು. ಆದರೆ ಮರದ ಕೆಳಗೆ ಸುಮ್ನೆ ಕೂರಿಸಿದರೆ ಅದು ಶಿಕ್ಷೆಯ ಹಾಗೆ ಕಾಣುತ್ತದೆ. ನಿನ್ನದೇ ಒಂದು ಗುಂಡಿಗೆ ಮಾಡು, ಕವಾಟ ಕೆಲಸ ಮಾಡಬೇಕು ಅಂದಿದ್ದೆ.

ಗಣೇಶನಿಗೆ ತಂದು ಮಿಕ್ಕಿದ ಕೆರೆ ಮಣ್ಣಿತ್ತು ಅವರ ಮನೆಯಲ್ಲಿ. ಅದರಲ್ಲಿ ಗುಂಡಿಗೆ ತಿದ್ದಿದಳು. ಮೊದಲನೆಯದು ನೀರು ಬಿದ್ದ ಕೂಡಲೇ ಕರಗಿ ಹೋಯಿತು. ಎರಡನೆಯದಕ್ಕೆ ಒಳಗೆ ಪ್ಲಾಸ್ಟಿಕ್ ಬಾಟಲಿ ಇಟ್ಟು, ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಕವಾಟ ಅಂಟಿಸಿದಳು. ಒಂದು ಕಡೆಯಿಂದ ನೀರು ಹಾಕಿದರೆ ಇಳಿಯುತ್ತದೆ, ಬಾಟಲಿ ಹಿಸುಕಿದರೆ ಟ್ಯೂಬಿನ ತುಂಡು ಪಟ್ ಅಂತ ಮುಚ್ಚಿಕೊಂಡು ನೀರು ವಾಪಸ್ ಬರದೆ ಇನ್ನೊಂದು ಕಡೆಯಿಂದ ಚಿಮ್ಮುತ್ತದೆ. ಮಟನ್ ಅಂಗಡಿ ಹುಡುಗ ಬಂದು ಐದು ಸಲ ಹಿಸುಕಿ ನೋಡಿದ. ಅವನ ಗುಂಡಿಗೆಯ ಕವಾಟ ಮುಚ್ಚುವುದು ಕಂಡಿರಲಿಲ್ಲ, ಇವಳದರಲ್ಲಿ ಕಂಡಿತು. ಆದರೆ ಗೋಡೆಯ ದಪ್ಪದ ವಿಷಯ ಇವಳ ಬಾಟಲಿ ಹೇಳಲಾರದು. ಮಾದರಿ ಇದ್ದರೆ ಸಾಕು, ಅಸಲಿ ಬೇಡವೇ ಬೇಡ ಅನ್ನುವ ನನ್ನಂಥವರು ಇದನ್ನೂ ಒಪ್ಪಿಕೊಳ್ಳಬೇಕು.

ಸಣ್ಣಪುಟ್ಟ ವಿಷಯಗಳು ಇನ್ನೂ ಇವೆ. ಒಂಬತ್ತನೇ ಕ್ಲಾಸಿನಲ್ಲಿ ಮೊಟ್ಟೆಯ ಚಿಪ್ಪನ್ನು ಆಸಿಡ್‌ನಲ್ಲಿ ಕರಗಿಸಿ ನೀರಲ್ಲಿ ಉಬ್ಬಿಸುವ ಪ್ರಯೋಗವಿದೆ. ಒಣದ್ರಾಕ್ಷಿಯಲ್ಲೂ ಮಾಡಿ ಅಂತ ಪುಸ್ತಕವೇ ಹೇಳುತ್ತದೆ. ನಾನು ದ್ರಾಕ್ಷಿ ಹಿಡಿದುಕೊಂಡೆ. ಪ್ರಯೋಗ ಮುಗಿಯುವ ಹೊತ್ತಿಗೆ ಕಾಲು ಭಾಗ ಮಕ್ಕಳ ಬಾಯಿಗೆ ಹೋಗಿರುತ್ತದೆ, ಅದೊಂದೇ ತೊಂದರೆ.

ಕೊನೆಗೆ ರೇಷ್ಮೆ ಹುಳುವಿನ ವಿಷಯ. ಇಷ್ಟೆಲ್ಲ ಬರೆಯಲು ಕೂತಿದ್ದೇ ಇದಕ್ಕೆ.

ನಮ್ಮಪ್ಪ ನೂಲು ಬಿಚ್ಚಾಣಿಕೆ, ಅಂದರೆ ಗೂಡಿನಿಂದ ರೇಷ್ಮೆ ಎಳೆ ತೆಗೆಯುವ ಕೆಲಸ, ಮಾಡುತ್ತಿದ್ದವರು. ಮನೆ ಹಿಂದಿನ ಶೆಡ್ಡಿನಲ್ಲಿ ಚರಕ, ಕುದಿಯುವ ನೀರು, ಅದರಲ್ಲಿ ತೇಲುವ ಗೂಡು. ನೂಲು ಬಿಚ್ಚಿದ ಮೇಲೆ ಉಳಿಯುವ ಕಂದು ಬಣ್ಣದ ಕೋಶದ (ಗೂಡಿನೊಳಗೆ ಬೆಂದ ಹುಳುವಿನ) ವಾಸನೆ ನಮ್ಮ ಬಟ್ಟೆಗೆ, ಪುಸ್ತಕಕ್ಕೆ, ತಲೆಕೂದಲಿಗೆ ಅಂಟಿರುತ್ತಿತ್ತು. ಅಪ್ಪನ ಬೆರಳ ತುದಿ ಯಾವಾಗಲೂ ಬೆಂದ ಹಾಗೆ ಬಿಳಿಚಿಕೊಂಡು ಸುಕ್ಕಾಗಿರುತ್ತಿತ್ತು. ನಾನು ಕಪ್ಪೆ ಕುಯ್ದು ಮಾರ್ಕ್ಸ್ ತೆಗೆದ ಆ ಕಾಲೇಜಿನ ಫೀಸು ಕಟ್ಟಿದ್ದು ಆ ಬೆಂದ ಗೂಡುಗಳೇ.

ಹೋದ ಸೆಪ್ಟೆಂಬರ್‌ನಲ್ಲಿ ಒಬ್ಬ ಹುಡುಗಿಯ ಮನೆಯಲ್ಲಿ ಹುಳು ನಾಲ್ಕನೇ ಜ್ವರ ಎದ್ದಿತ್ತು, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟಿತ್ತು. ಒಂದು ತಟ್ಟೆಯಲ್ಲಿ ಸೊಪ್ಪಿನ ಸಮೇತ ಇಪ್ಪತ್ತು ಹುಳು ತರಲು ಹೇಳಿದೆ, ಸಂಜೆ ವಾಪಸ್ ಕೊಡುವ ಮಾತಿನ ಮೇಲೆ. ಮಕ್ಕಳು ಮೂಗು ಮುರಿದರು. "ಇದೇನ್ ಸಾರ್, ದಿನಾ ನೋಡ್ತೀವಿ."

ಕಿಟಕಿಯ ಬೆಳಕಿಗೆ ತಟ್ಟೆ ಇಟ್ಟು, ಬೆನ್ನ ಮೇಲೆ ನಟ್ಟನಡುವೆ ನೋಡಿ ಅಂದೆ. ಮೊದಲು ಯಾರಿಗೂ ಕಾಣಲಿಲ್ಲ. ಆಮೇಲೆ ಒಬ್ಬಳು "ಅಯ್ಯೋ" ಅಂದಳು. ಚರ್ಮದ ಕೆಳಗೆ ಒಂದು ಸಣ್ಣ ಕಪ್ಪು ಗೆರೆ, ಬಾಲದ ಕಡೆಯಿಂದ ತಲೆಯ ಕಡೆಗೆ ಅಲೆ ಅಲೆಯಾಗಿ ಓಡುತ್ತಿತ್ತು. ಅದೇ ಅದರ ಗುಂಡಿಗೆ, ಮೈಯುದ್ದಕ್ಕೂ ಇರುವ ಒಂದು ಕೊಳವೆ. ಕ್ಲಾಸು ಅಷ್ಟು ಸುಮ್ಮನಾಗಿದ್ದು ನಾನು ನೋಡಿರಲಿಲ್ಲ. ಸೊಪ್ಪು ಮೇಯುವ ಸಪ್ಪಳ ಕೇಳಿಸುತ್ತಿತ್ತು. ಗಡಿಯಾರ ಹಿಡಿದು ಎಣಿಸಿದರು. ಒಂದು ಗುಂಪು ನಿಮಿಷಕ್ಕೆ 40 ಅಂತು, ಇನ್ನೊಂದು 52 ಅಂತು, ಜಗಳವಾಯಿತು. ಪಕ್ಕದಲ್ಲಿ ಕಪ್ಪು ಚುಕ್ಕೆಗಳಿವೆಯಲ್ಲ, ಒಂದೊಂದು ಕಡೆ ಒಂಬತ್ತು, ಉಸಿರು ಒಳಗೆ ಹೋಗುವುದು ಅಲ್ಲಿಂದ ಅಂದೆ. ಗಾಳಿ ಕೊಳವೆಗಳಲ್ಲಿ ನೇರವಾಗಿ ಮೈಯೊಳಕ್ಕೆ ಹೋಗುತ್ತದೆ, ರಕ್ತ ಹೊತ್ತುಕೊಂಡು ಹೋಗಬೇಕಿಲ್ಲ, ಅದಕ್ಕೇ ಇದರ ರಕ್ತ ಕೆಂಪಲ್ಲ. ಹುಟ್ಟಿದಾಗಿನಿಂದ ಹುಳುವಿನ ಮನೆಯಲ್ಲೇ ಬೆಳೆದ ಮಕ್ಕಳು ಚುಕ್ಕೆ ಎಣಿಸುತ್ತಾ ಕೂತರು.

ಆಗ ಬಂತು ನಾನು ಹೆದರಿದ್ದ ಪ್ರಶ್ನೆ. ಪೇಂಟ್ ಡಬ್ಬದ ಹುಡುಗನೇ ಕೇಳಿದ. "ಸಾರ್, ರೇಷ್ಮೆ ಒಳಗೆ ಎಲ್ಲಿರುತ್ತೆ? ಒಂದೇ ಒಂದು ಕುಯ್ದು ನೋಡೋಣ. ಮನೇಲಿ ಸಾವಿರಗಟ್ಟಲೆ ಬೇಯಿಸ್ತೀವಲ್ಲ."

ಮನೆಯಲ್ಲಿ ಬೇಯಿಸೋದು ಹೊಟ್ಟೆಪಾಡು, ಇಲ್ಲಿ ಹಾಗಲ್ಲ ಅಂದೆ. ಬೋರ್ಡಿನ ಮೇಲೆ ಎರಡು ಉದ್ದ ಗ್ರಂಥಿ ಬರೆದೆ. ಎರಡೂ ಮುಂದೆ ಬಂದು ಬಾಯಿಯ ಕೆಳಗೆ ಒಂದಾಗುತ್ತವೆ, ಒಳಗಿರುವುದು ಗಂಜಿಯಂಥ ದ್ರವ, ಹುಳು ತಲೆ ಆಡಿಸಿ ಎಳೆದಾಗ ದಾರವಾಗುತ್ತದೆ ಅಂದೆ. ಹಣ್ಣು ಹುಳು, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳು, ಬೆಳಕಿಗೆ ಹಿಡಿದರೆ ಪಾರದರ್ಶಕವಾಗಿ ಕಾಣುತ್ತದಲ್ಲ, ಆ ಹೊತ್ತಿಗೆ ಮೈತುಂಬಾ ಅದೇ ತುಂಬಿರುತ್ತದೆ. ಎಲ್ಲರೂ ತಲೆ ಆಡಿಸಿದರು. ಅವನು ಆಡಿಸಲಿಲ್ಲ. "ಎಲ್ಲಿ ಸೇರುತ್ತೆ ಅಂತ ಕಣ್ಣಲ್ಲಿ ನೋಡಬೇಕಿತ್ತು" ಅಂದ. ಅವನ ಪ್ರಶ್ನೆ ಸರಿಯಾಗೇ ಇತ್ತು, ನಾನು ಬಿ.ಎಸ್ಸಿಯಲ್ಲಿ ಕೇಳದೇ ಹೋದಂಥ ಪ್ರಶ್ನೆ. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಕಾಲೇಜಿದೆ, ಓದಿ ಅಲ್ಲಿಗೆ ಹೋಗು ಅಂದೆ. ಹದಿನಾಲ್ಕು ವರ್ಷದ ಹುಡುಗನಿಗೆ ಇದೆಂಥ ಉತ್ತರ. ಹೊಳೆದಿದ್ದು ಅಷ್ಟೇ.

ತಟ್ಟೆ ತಂದಿದ್ದ ಹುಡುಗಿ ಎಲ್ಲ ಮುಗಿದ ಮೇಲೆ ಹತ್ತಿರ ಬಂದಳು. "ಗೂಡೊಳಗೆ ಹೋದ ಮೇಲೂ ಗುಂಡಿಗೆ ಹೊಡ್ಕೊಳ್ತಾ ಇರುತ್ತಾ ಸಾರ್?"

"ಇರುತ್ತಮ್ಮ. ಬಿಸಿ ತಾಗೋವರೆಗೂ."

ಅವಳು ಏನೂ ಹೇಳಲಿಲ್ಲ. ತಟ್ಟೆ ಎತ್ತಿಕೊಂಡು ಇಪ್ಪತ್ತು ಹುಳು ಎಣಿಸಿಕೊಂಡು ಹೋದಳು. ಮುಂದಿನ ವಾರ ಅವು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಹತ್ತಿದವು. ರೇಟು ಚೆನ್ನಾಗಿ ಸಿಕ್ಕಿತಂತೆ, ಅವಳಿಗೆ ಹೊಸ ಬ್ಯಾಗು ಬಂತು.

ಆವತ್ತು ರಾತ್ರಿ ಅಪ್ಪನಿಗೆ ಹೇಳಿದೆ, ಹುಳುವಿನ ಬೆನ್ನಲ್ಲಿ ಗುಂಡಿಗೆ ಓಡೋದು ಮಕ್ಕಳಿಗೆ ತೋರಿಸಿದೆ ಅಂತ. ಅವರಿಗೆ ಗೊತ್ತಿರಲಿಕ್ಕಿಲ್ಲ ಅಂದುಕೊಂಡಿದ್ದೆ.

"ಗೀರು ಓಡುತ್ತಲ್ಲ, ಅದಾ?" ಅಂದರು. "ನಿಮ್ಮಜ್ಜಿ ತೋರಿಸಿದ್ರು, ನಾನು ಸಣ್ಣೋನಿದ್ದಾಗ. ಆಮೇಲೆ ನೋಡೋಕೆ ಹೋಗಲಿಲ್ಲ. ನೋಡ್ತಾ ಕೂತ್ರೆ ಒಲೆ ಹಚ್ಚೋರು ಯಾರು?"

ಆಮೇಲೆ, ಆ ಹುಡುಗಿ ಮನೆಯ ಗೂಡು ಎಷ್ಟಕ್ಕೆ ಹೋಗಬಹುದು ಅಂತ ಕೇಳಿದರು.